ಮೀಟರಿಗೆ ಸಿಗದ ಕೆಲಸ

ಕಳೆದ ಕಾರ್ತಿಕದ ಕೊನೆಯ ಸೋಮವಾರ ನಾವು ಆಫೀಸನ್ನು ಮಧ್ಯಾಹ್ನ ಮೂರಕ್ಕೇ ಮುಚ್ಚಿದೆವು. ಬಸವನಗುಡಿಯವರಿಗೆ ಕಾರಣ ಹೇಳಬೇಕಾಗಿಲ್ಲ. ಅವತ್ತು ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ. ಗಾಂಧಿ ಬಜಾರಿನ ಹತ್ತಿರ ಒಂದು ಹಳೇ ಮನೆಯ ಮೊದಲ ಮಹಡಿಯಲ್ಲಿ ನಮ್ಮ ಆಫೀಸು. ಒಟ್ಟು ಐದು ಜನ. ಎಲ್ಲರೂ ಒಟ್ಟಿಗೆ ಹೊರಟೆವು. ಹಸಿಯದು ಒಂದು ಸೇರು, ಹುರಿದದ್ದು ಒಂದು ಸೇರು ತಗೊಂಡು, ದೊಡ್ಡ ಬಸವಣ್ಣನಿಗೆ ಕೈ ಮುಗಿದು, ಅವರವರ ಮನೆ ದಾರಿ ಹಿಡಿದೆವು.

ಹೊರಡುವ ಮುಂಚೆ ನಾನೊಂದು ಕೆಲಸ ಹಚ್ಚಿ ಬಂದಿದ್ದೆ. ಬಟ್ಟೆ ಒಗೆಯುವ ಮೆಷಿನ್ನಿನ ಕೈಪಿಡಿ, ಇಂಗ್ಲಿಷಿನಿಂದ ಕನ್ನಡಕ್ಕೆ, ನಲವತ್ತು ಪುಟ. ಒಂದು ಎಐ ಏಜೆಂಟ್, ಅಂದರೆ ಒಪ್ಪಿಸಿದ ಕೆಲಸವನ್ನು ತಾನೇ ಮಾಡುವ ಕಂಪ್ಯೂಟರ್ ಪ್ರೋಗ್ರಾಂ, ಅನುವಾದ ಮಾಡಬೇಕು. ಇನ್ನೊಂದು ಅದನ್ನು ಪರೀಕ್ಷೆ ಮಾಡಬೇಕು. ತಪ್ಪು ಕಂಡರೆ ಮೊದಲನೆಯದಕ್ಕೆ ವಾಪಸ್ ಕಳಿಸಬೇಕು. ಎರಡೂ ಒಪ್ಪಿದ ಮೇಲೆ ನಮ್ಮ ಗುಂಪಿನಲ್ಲಿ ‘ಮುಗಿಯಿತು’ ಅಂತ ಹಾಕಬೇಕು. ಬೆಳಿಗ್ಗೆ ಬಂದು ನೋಡಿದರೆ ಕೆಲಸ ಮುಗಿದಿರಲಿಲ್ಲ. ಏಜೆಂಟ್‌ಗಳ ಖರ್ಚಿಗೆ ಆ ತಿಂಗಳಿಗೆ ಅಂತ ಮುಂಗಡವಾಗಿ ತುಂಬಿಸಿದ್ದ ನಾಲ್ಕು ಸಾವಿರ ರೂಪಾಯಿ ಮುಗಿದಿತ್ತು.

ಎರಡೂ ಏಜೆಂಟ್‌ಗಳು ರಾತ್ರಿಯೆಲ್ಲಾ ಒಂದೇ ಪದಕ್ಕೆ ಗುದ್ದಾಡಿದ್ದವು. ಮೆಷಿನ್ನಿನಲ್ಲಿ ಮೂರು ಹಂತ ಇರುತ್ತದೆ ಅಲ್ವಾ, ವಾಷ್, ರಿನ್ಸ್, ಸ್ಪಿನ್. ಮೊದಲನೆಯ ಏಜೆಂಟ್ ವಾಷ್‌ಗೂ ‘ತೊಳೆಯುವುದು’ ಅಂತ ಬರೆದಿತ್ತು, ರಿನ್ಸ್‌ಗೂ ‘ತೊಳೆಯುವುದು’ ಅಂತ ಬರೆದಿತ್ತು. ಎರಡನೆಯದು, ಇವೆರಡೂ ಬೇರೆ ಬೇರೆ, ಒಂದೇ ಪದ ಇರಬಾರದು ಅಂತ ವಾಪಸ್ ಕಳಿಸಿತು. ಅದು ಸರಿಯಾದ ಆಕ್ಷೇಪಣೆಯೇ. ಆಗ ಮೊದಲನೆಯದು ‘ಮರುತೊಳೆತ’ ಅಂತ ಮಾಡಿತು. ಅದು ಸಹಜವಾಗಿಲ್ಲ ಅಂತ ಮತ್ತೆ ವಾಪಸ್. ‘ನೀರಿನಿಂದ ಶುಚಿಗೊಳಿಸುವಿಕೆ’. ಉದ್ದವಾಯಿತು, ವಾಪಸ್. ಮತ್ತೆ ‘ತೊಳೆಯುವುದು’. ಹೀಗೇ ಸುತ್ತು ಹೊಡೆದಿವೆ. ಇಷ್ಟು ಸಲಕ್ಕಿಂತ ಜಾಸ್ತಿ ಹೋಗಬೇಡಿ ಅಂತ ಮಿತಿ ಹಾಕುವುದನ್ನು ನಾನು ಮರೆತಿದ್ದೆ.

ಸುತ್ತು ಜಾಸ್ತಿಯಾದರೆ ಖರ್ಚು ಯಾಕೆ ಹಾಗೆ ಏರುತ್ತದೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಈ ಏಜೆಂಟ್‌ಗಳಿಗೆ ನಮ್ಮ ಹಾಗೆ ನೆನಪು ಇರುವುದಿಲ್ಲ. ಪ್ರತಿ ಸಲ ಬಾಯಿ ತೆರೆಯುವ ಮುಂಚೆ, ಅಲ್ಲಿಯವರೆಗೆ ನಡೆದ ಮಾತನ್ನೆಲ್ಲಾ ಮೊದಲಿನಿಂದ ಓದಬೇಕು. ಒಂದೊಂದು ಸುತ್ತಿಗೆ ಒಂದೊಂದು ಪುಟ ಸೇರುತ್ತದೆ ಅಂದುಕೊಳ್ಳಿ. ಮೊದಲ ಸುತ್ತಿನಲ್ಲಿ ಒಂದು ಪುಟ ಓದು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು. ಹತ್ತು ಸುತ್ತು ಮುಗಿಯುವಾಗ ಕೈಯಲ್ಲಿರುವುದು ಹತ್ತೇ ಪುಟ. ಓದಿದ ಲೆಕ್ಕ ಮಾತ್ರ 55 ಪುಟ. ಆ 55ಕ್ಕೂ ದುಡ್ಡು ಕೊಡಬೇಕು. ಒಂದು ಸಲ ಓದಿದ ಭಾಗವನ್ನು ಎತ್ತಿಟ್ಟುಕೊಂಡು ಕಡಿಮೆ ದರಕ್ಕೆ ಮತ್ತೆ ಓದುವ ಸೌಲಭ್ಯ ಈಗ ಇದೆ. ಅದನ್ನು ನಾವು ಕಲಿತದ್ದು ಈ ನಾಲ್ಕು ಸಾವಿರ ಹೋದ ಮೇಲೆ.

ಇನ್ನು ಆ ಪದ. ನಮ್ಮಲ್ಲಿ ಹಾಸನದ ಕಡೆಯ ಒಬ್ಬಳು ಹುಡುಗಿ ಇದ್ದಾಳೆ, ಸೇರಿ ಒಂದು ವರ್ಷ ಆಗಿದೆ. ಬೆಳಿಗ್ಗೆ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದನ್ನು ನೋಡಿ ಅವಳು ಊರಿಗೆ ಫೋನ್ ಹಚ್ಚಿದಳು. ‘ಅಮ್ಮಾ, ಬಟ್ಟೆ ಒಗೆದಾದ್ಮೇಲೆ ಸೋಪು ಹೋಗ್ಲಿ ಅಂತ ಬರೀ ನೀರಲ್ಲಿ ಆಡಿಸ್ತೀವಲ್ಲ, ಅದಕ್ಕೇನಂತೀವಿ?’

‘ಜಾಲ್ಸೋದು ಕಣೆ. ಯಾಕೆ, ಅಷ್ಟೂ ಮರ್ತೋಯ್ತಾ?’

ಜಾಲಿಸುವುದು. ಅಷ್ಟೇ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಸುಮ್ನೆ ಮಾತು ಬೆಳೆಯಿತು. ನಮ್ಮ ಜೊತೆ ಕೆಲಸ ಮಾಡುವ ರಿಟೈರ್ಡ್ ಕನ್ನಡ ಮೇಷ್ಟ್ರು, ನಮ್ಮೂರಲ್ಲಿ ‘ಅಲುಬೋದು’ ಅಂತಲೂ ಅಂತಿದ್ರು ಅಂದರು. ಅದು ಕೆರೆ ನೀರಲ್ಲಿ ಬಟ್ಟೆ ಅಲ್ಲಾಡಿಸಿ ತೆಗೆಯುವುದಕ್ಕೆ. ಲೋಟ ಪಾತ್ರೆ ಆದರೆ ಗಲಬರಿಸುವುದು, ಅದು ಬೇರೆ ಅಂತ ಇನ್ನೊಬ್ಬರು ಹೇಳಿದರು. ಒಂದು ಕೆಲಸಕ್ಕೆ ಇಷ್ಟು ಪದ ಇಟ್ಟುಕೊಂಡಿರುವ ಭಾಷೆಗೆ ‘ಮರುತೊಳೆತ’ ಯಾಕೆ ಬೇಕಿತ್ತು ಅನ್ನಿಸಿ ನನಗೆ ಸಂಕಟವಾಯಿತು. ಇದರಲ್ಲಿ ಏಜೆಂಟ್‌ನ ತಪ್ಪು ಕಡಿಮೆ. ಅದು ಓದಿ ಬೆಳೆದದ್ದು ಬರಹದಿಂದ. ಜಾಲಿಸುವುದು ಅನ್ನುವುದು ಬಾಯಲ್ಲಿ ಬದುಕಿರುವ ಪದ. ಒಗೆಯುವ ಕಲ್ಲಿನ ಹತ್ತಿರ, ಬಚ್ಚಲಲ್ಲಿ ಬದುಕಿರುವ ಪದ. ಅದನ್ನು ನಾವು ಎಷ್ಟು ಬರೆದಿದ್ದೇವೆ?

ನಮ್ಮ ವ್ಯವಸ್ಥೆ ಹೇಗಿದೆ ಅಂತ ಹೇಳಿದರೆ ಮುಂದಿನದು ಅರ್ಥವಾಗುತ್ತದೆ. ಕಂಪನಿಗಳು ಕೊಡುವ ಕೈಪಿಡಿ, ಬ್ಯಾಂಕ್ ಆ್ಯಪ್‌ಗಳ ಪರದೆಯ ಮಾತು, ಔಷಧದ ಡಬ್ಬಿಯ ಸೂಚನೆ, ಇವನ್ನೆಲ್ಲಾ ಕನ್ನಡ ಮಾಡಿಕೊಡುವುದು ನಮ್ಮ ಕಸುಬು. ಎಲ್ಲಾ ಕೆಲಸವೂ ಒಂದು ಚಾಟ್ ಗುಂಪಿನಲ್ಲಿ ನಡೆಯುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಚಾನೆಲ್. ಅದರಲ್ಲಿ ನಾವು ಐದು ಜನ ಇರುತ್ತೇವೆ, ಮೂರು ಏಜೆಂಟ್‌ಗಳೂ ಇರುತ್ತವೆ. ಮನುಷ್ಯರನ್ನು ಕರೆಯುವ ಹಾಗೇ ಹೆಸರಿಗೆ ಮೊದಲು @ ಗುರುತು ಹಾಕಿ ಅವನ್ನೂ ಕರೆಯಬಹುದು. 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿ ಕೇಳಿದ್ದಕ್ಕೆ ಹೇಳುತ್ತಿತ್ತು, ಅಷ್ಟೇ. ಏಜೆಂಟ್‌ಗೆ ಕೆಲಸ ಒಪ್ಪಿಸಿ ಹೋಗಬಹುದು. ಅದು ಫೈಲ್ ತೆರೆಯುತ್ತದೆ, ಹುಡುಕುತ್ತದೆ, ಬರೆಯುತ್ತದೆ, ಬರೆದದ್ದನ್ನು ತಾನೇ ನೋಡಿ ಮತ್ತೆ ಬರೆಯುತ್ತದೆ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಅನ್ನುವ ಎಐ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಅನ್ನುವ ಮುಕ್ತ ಪದ್ಧತಿಯನ್ನು ಹೊರತಂದಿತು. ಆಮೇಲೆ ಏಜೆಂಟ್‌ಗಳನ್ನು ನಮ್ಮ ಫೈಲುಗಳಿಗೆ, ಪದಪಟ್ಟಿಗಳಿಗೆ ಜೋಡಿಸುವುದು ಸುಲಭವಾಯಿತು. ಬೇರೆ ಬೇರೆ ಕಂಪನಿಯ ಪ್ಲಗ್ಗಿಗೆಲ್ಲಾ ಒಂದೇ ಅಳತೆಯ ಸಾಕೆಟ್ ಇದ್ದ ಹಾಗೆ.

ಇವಕ್ಕೆ ಸಂಬಳ ಇಲ್ಲ. ಬಳಸಿದಷ್ಟಕ್ಕೆ ದುಡ್ಡು. ಆಟೋ ಮೀಟರ್ ಇದ್ದ ಹಾಗೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೋ ಹತ್ತಿದರೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಏಜೆಂಟ್‌ಗೆ ಕಿಲೋಮೀಟರ್ ಬದಲು ಟೋಕನ್. ಟೋಕನ್ ಅಂದರೆ ಪದದ ಚೂರು. ಹತ್ತು ಲಕ್ಷ ಟೋಕನ್‌ಗೆ ಇಷ್ಟು ಡಾಲರ್ ಅಂತ ದರ ಇರುತ್ತದೆ. ಓದಿಸಿದ್ದಕ್ಕೆ ಒಂದು ದರ, ಬರೆಸಿದ್ದಕ್ಕೆ ಅದಕ್ಕಿಂತ ಹಲವು ಪಟ್ಟು ಜಾಸ್ತಿ. ಸಿಗ್ನಲ್ಲಿನಲ್ಲಿ ನಿಂತಾಗ ಆಟೋಗೆ ಕಾಯುವ ಚಾರ್ಜು ಇರುತ್ತದಲ್ಲ, ಹಾಗೇ ಇದು ಉತ್ತರ ಕೊಡುವ ಮುಂಚೆ ಒಳಗೊಳಗೇ ಯೋಚನೆ ಮಾಡಿದರೆ ಅದಕ್ಕೂ ಬರೆದ ದರವೇ ಬೀಳುತ್ತದೆ. ಆ ಯೋಚನೆ ಪೂರ್ತಿ ನಮಗೆ ಕಾಣದೆಯೂ ಇರಬಹುದು.

ಈ ಮೀಟರಿನಲ್ಲಿ ಕನ್ನಡಕ್ಕೆ ಒಂದು ಪ್ರತ್ಯೇಕ ಸಂಕಟ ಇದೆ. ಬೈಟ್ ಅಂದರೆ ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಲೆಕ್ಕ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಗುರುತಿಗೆ ಮೂರು ಬೈಟ್ ಬೇಕು. ಅಕ್ಷರಕ್ಕೆ ಅನ್ನಲಿಲ್ಲ, ಗುರುತಿಗೆ ಅಂದೆ. ‘ಸ್ತ್ರೀ’ ಅನ್ನುವುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಅದು ಸ, ವಿರಾಮ ಗುರುತು, ತ, ಇನ್ನೊಂದು ವಿರಾಮ ಗುರುತು, ರ, ಈ ಕಾರದ ಗುರುತು ಅಂತ ಆರು ತುಂಡು. ಒಟ್ಟು 18 ಬೈಟ್. ಇಂಗ್ಲಿಷಿನಲ್ಲಿ ಕನ್ನಡ ಅಂತ ಬರೆದರೆ 7 ಬೈಟ್, ಕನ್ನಡದಲ್ಲೇ ಕನ್ನಡ ಅಂತ ಬರೆದರೆ 15. ಬೈಟ್ ಲೆಕ್ಕವೇ ಟೋಕನ್ ಲೆಕ್ಕ ಅಲ್ಲ. ಪದೇ ಪದೇ ಕಂಡ ತುಂಡುಗಳನ್ನು ಸೇರಿಸಿ ಒಂದು ಟೋಕನ್ ಮಾಡುತ್ತಾರೆ. ಆದರೆ ಕಲಿಸುವಾಗ ಇಂಗ್ಲಿಷ್ ರಾಶಿ ರಾಶಿ ಇತ್ತು, ಕನ್ನಡ ಹಿಡಿಯಷ್ಟು ಇತ್ತು. ಹಾಗಾಗಿ ಎಷ್ಟೋ ಸಲ ಇಂಗ್ಲಿಷಿನ ಇಡೀ ಪದವೇ ಒಂದು ಟೋಕನ್ ಆಗುತ್ತದೆ. ನಮ್ಮದು ಚೂರು ಚೂರಾಗುತ್ತದೆ. ಅದೇ ವಿಷಯ, ಅದೇ ವಾಕ್ಯ, ಕನ್ನಡದಲ್ಲಿ ಹೇಳಿದ್ದಕ್ಕೆ ಮೀಟರ್ ಜಾಸ್ತಿ ಓಡುತ್ತದೆ.

ಪರಿಸ್ಥಿತಿ ಸುಧಾರಿಸುತ್ತಿದೆ. 2024ರ ಮೇ ತಿಂಗಳಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಜಿಪಿಟಿ-4ಒ ಅನ್ನುವ ಹೊಸ ಎಐ ಮಾದರಿಯನ್ನು ಬಿಡುಗಡೆ ಮಾಡಿದಾಗ ಹೊಸ ಬಗೆಯ ಟೋಕನ್ ವಿಭಜನೆ ತಂದಿತು. ಗುಜರಾತಿಯಲ್ಲಿ 4.4 ಪಟ್ಟು, ತೆಲುಗಿನಲ್ಲಿ 3.5 ಪಟ್ಟು, ತಮಿಳಿನಲ್ಲಿ 3.3 ಪಟ್ಟು ಕಡಿಮೆ ಟೋಕನ್ ಸಾಕು ಅಂತ ಇಪ್ಪತ್ತು ಭಾಷೆಗಳ ಪಟ್ಟಿ ಕೊಟ್ಟಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಲಾಭ ಕನ್ನಡಕ್ಕೂ ಆಗಿದೆ, ನಮ್ಮ ಬಿಲ್ಲಿನಲ್ಲೇ ಅದು ಗೊತ್ತಾಯಿತು. ಆದರೂ ಆ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿದ ಬೆಳಗ್ಗೆ ನನಗೆ ಇನ್ನೂ ನೆನಪಿದೆ.

ಇದರ ಪರಿಣಾಮ ಬಿಲ್ಲಿಗಿಂತ ಆಚೆಗೂ ಹೋಗುತ್ತದೆ. ಖರ್ಚು ಉಳಿಸೋಣ ಅಂತ ನಾವು ಏಜೆಂಟ್‌ಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಲು ಶುರು ಮಾಡಿದ್ದೆವು. ಸೂಚನೆ ಇಂಗ್ಲಿಷ್, ಆಕ್ಷೇಪಣೆ ಇಂಗ್ಲಿಷ್, ಚರ್ಚೆ ಇಂಗ್ಲಿಷ್. ಕೊನೆಯ ಫಲಿತಾಂಶ ಮಾತ್ರ ಕನ್ನಡ. ಮೂರು ವಾರ ಆಗುವಷ್ಟರಲ್ಲಿ ಮನುಷ್ಯರ ನಡುವಿನ ಮಾತೂ ಆ ಚಾನೆಲ್ಲಿನಲ್ಲಿ ಇಂಗ್ಲಿಷ್ ಆಗಿತ್ತು. ಯಾರೂ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ಮೇಷ್ಟ್ರು ಬರೆಯುವುದನ್ನೇ ನಿಲ್ಲಿಸಿದ್ದರು. ಅವರು ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ರಿಟೈರ್ ಆದವರು. ಗುಂಪಿನಲ್ಲಿ ಉತ್ತರ ಹಾಕುವ ಬದಲು ಎದ್ದು ಬಂದು ಕಿವಿಯ ಹತ್ತಿರ ಹೇಳಿ ಹೋಗುತ್ತಿದ್ದರು. ಕನ್ನಡದ ಕೆಲಸ ಮಾಡುವ ಆಫೀಸಿನಲ್ಲಿ ಕನ್ನಡ ಬಲ್ಲ ಮನುಷ್ಯ ಮಾತು ನಿಲ್ಲಿಸಿದ್ದರು, ಅದು ನನ್ನ ಗಮನಕ್ಕೆ ಬರುವಷ್ಟರಲ್ಲಿ ತಿಂಗಳಾಗಿತ್ತು. ಅವತ್ತಿನಿಂದ ಚಾನೆಲ್ಲಿನಲ್ಲಿ ಕನ್ನಡವೇ. ಏಜೆಂಟ್ ಜೊತೆಗೂ ಕನ್ನಡವೇ. ಆ ಹೆಚ್ಚಿನ ಖರ್ಚನ್ನು ನಾನು ಬಾಡಿಗೆ, ಕರೆಂಟಿನ ಜೊತೆ ಸೇರಿಸಿ ಬರೆದುಕೊಳ್ಳುತ್ತೇನೆ. ಅದು ಆಫೀಸು ನಡೆಸುವ ಖರ್ಚು.

ಮೀಟರ್ ಕಣ್ಣೆದುರು ಇದ್ದರೆ ಮನುಷ್ಯ ಬೇರೆ ಥರ ಮಾತಾಡುತ್ತಾನೆ. ಇದು ನನಗೆ ಚಿಕ್ಕಂದಿನಲ್ಲೇ ಗೊತ್ತಾಗಬೇಕಿತ್ತು. ಎಸ್‌ಟಿಡಿ ಬೂತಿನಲ್ಲಿ ಅಪ್ಪ ಊರಿಗೆ ಫೋನ್ ಮಾಡುವಾಗ ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ಗಾಜಿನ ಗೂಡಿನ ಒಳಗೆ ಸೆಕೆ. ಪೆಟ್ಟಿಗೆಯ ಮೇಲೆ ಕೆಂಪು ಅಂಕಿ. ಅಪ್ಪನ ಕಣ್ಣು ಅಂಕಿಯ ಮೇಲೇ. ಆ ಕಡೆ ಅಜ್ಜಿ ನಿಧಾನಕ್ಕೆ ಮಾತು ತೆಗೆಯುತ್ತಿದ್ದರು, ಈ ಕಡೆ ಅಪ್ಪ ‘ಸರಿ ಸರಿ, ಇಡ್ತೀನಿ’ ಅನ್ನುತ್ತಿದ್ದರು. ಮನೆಗೆ ಬಂದ ಮೇಲೆ ಅಮ್ಮ ಕೇಳುತ್ತಿದ್ದಳು, ಅತ್ತೆಯ ಮಂಡಿ ನೋವು ಹೇಗಿದೆಯಂತೆ? ಅಪ್ಪ ಕೇಳಿರುತ್ತಿರಲಿಲ್ಲ. ರಾತ್ರಿ ತಡವಾದ ಮೇಲೆ ದರ ಇಳಿಯುತ್ತಿತ್ತು, ತೀರಾ ತಡವಾದರೆ ಕಾಲು ಭಾಗ. ಹಬ್ಬದ ಹಿಂದಿನ ದಿನ ಆ ಹೊತ್ತಿಗೆ ಬೂತಿನ ಮುಂದೆ ಸಾಲು. ಆಗ ಮಾತ್ರ ಅಪ್ಪ ನಿಧಾನಕ್ಕೆ ಮಾತಾಡುತ್ತಿದ್ದರು.

ಏಜೆಂಟ್‌ಗಳಲ್ಲೂ ಅಂಥ ದರ ಇದೆ. ಉತ್ತರ ಈಗಲೇ ಬೇಡ, 24 ಗಂಟೆಯೊಳಗೆ ಬಂದರೆ ಸಾಕು ಅಂತ ಕಳಿಸಿದರೆ ಕೆಲವು ಕಂಪನಿಗಳು ಅರ್ಧ ದರ ಹಾಕುತ್ತವೆ. ನಾವು ದೊಡ್ಡ ಫೈಲುಗಳನ್ನೆಲ್ಲಾ ಈಗ ಹಾಗೇ ಕಳಿಸುತ್ತೇವೆ. ಆಟೋದಲ್ಲಿ ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು, ಇಲ್ಲಿ ಕಾದವರಿಗೆ ಅರ್ಧ. ಇದು ನಮಗೆ ಇನ್ನೊಂದು ಒಳ್ಳೆಯದನ್ನೂ ಮಾಡಿತು. ಉತ್ತರ ನಾಳೆ ಬರುತ್ತದೆ ಅಂದಾಗ ಪ್ರಶ್ನೆಯನ್ನು ಸರಿಯಾಗಿ ಯೋಚಿಸಿ ಬರೆಯುತ್ತೇವೆ.

ಆದರೆ ಹಗಲಿನ ಮೀಟರ್ ನಮ್ಮ ಆಫೀಸಿನಲ್ಲಿ ಒಂದು ಕೆಟ್ಟ ಕೆಲಸ ಮಾಡಿತ್ತು. ಆ ಸಾಫ್ಟ್‌ವೇರಿನಲ್ಲಿ ಒಂದು ಪಟ್ಟಿ ಬರುತ್ತದೆ. ಯಾರು ಎಷ್ಟು ಸಲ ಏಜೆಂಟ್ ಕರೆದರು, ಎಷ್ಟು ಖರ್ಚು ಮಾಡಿದರು, ಎಲ್ಲರಿಗೂ ಕಾಣುವ ಹಾಗೆ. ಮೊದಲ ತಿಂಗಳು ಹಾಸನದ ಹುಡುಗಿಯ ಹೆಸರು ಎಲ್ಲರಿಗಿಂತ ಮೇಲಿತ್ತು. ಅದು ಸಹಜ. ಹೊಸಬಳು, ಕೇಳುವುದು ಜಾಸ್ತಿ. ಎರಡನೇ ತಿಂಗಳು ಅವಳ ಹೆಸರು ಕೊನೆಗೆ ಹೋಗಿತ್ತು. ಬೇಗ ಕಲಿತಳು ಅಂತ ನಾನು ಸಂತೋಷಪಟ್ಟೆ. ಆಮೇಲೆ ಗೊತ್ತಾಯಿತು, ಅವಳು ಏಜೆಂಟನ್ನೂ ಕೇಳುತ್ತಿರಲಿಲ್ಲ, ಮೇಷ್ಟ್ರನ್ನೂ ಕೇಳುತ್ತಿರಲಿಲ್ಲ. ಮೇಷ್ಟ್ರನ್ನು ಯಾಕೆ ಕೇಳಲಿಲ್ಲ ಅಂತ ವಿಚಾರಿಸಿದೆ. ‘ಅಕ್ಕಾ, ಮೆಷಿನ್ನಿಗೇ ಇಷ್ಟು ದುಡ್ಡಾಗುತ್ತೆ ಅಂದ್ರೆ, ಮೇಷ್ಟ್ರ ಹತ್ತು ನಿಮಿಷಕ್ಕೆ ಎಷ್ಟಾಗುತ್ತೋ ಅನ್ನಿಸ್ತು.’ ಇಪ್ಪತ್ತಮೂರು ವರ್ಷದ ಹುಡುಗಿ. ಹಿರಿಯರ ಹತ್ತಿರ ಹೋಗಿ ಒಂದು ಪದ ಕೇಳುವುದಕ್ಕೂ ಅವಳ ತಲೆಯಲ್ಲಿ ಮೀಟರ್ ಓಡುತ್ತಿತ್ತು.

ಆ ಪಟ್ಟಿಯನ್ನು ಅವತ್ತೇ ಮುಚ್ಚಿದೆ. ಈಗ ಒಟ್ಟು ಮೊತ್ತ ಮಾತ್ರ ಕಾಣುತ್ತದೆ, ಅದೂ ನನಗೆ. ಇಂಥ ವ್ಯವಸ್ಥೆ ಇಟ್ಟುಕೊಂಡಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಇದೊಂದನ್ನು ದಯವಿಟ್ಟು ಮಾಡಿ. ಹೆಸರು ಹೆಸರಿನ ಮುಂದೆ ಖರ್ಚು ತೋರಿಸಬೇಡಿ. ಕಲಿಯುವವರು ಮೊದಲು ಬಾಯಿ ಮುಚ್ಚುತ್ತಾರೆ.

ಈಗ ಮೇಷ್ಟ್ರ ಕೆಲಸದ ಬಗ್ಗೆ. ಏಜೆಂಟ್‌ಗಳು ಕೊಟ್ಟದ್ದನ್ನು ಕೊನೆಗೆ ಓದುವವರು ಅವರು. ಪ್ರಿಂಟ್ ತೆಗೆಸಿಕೊಂಡು, ಕೆಂಪು ಪೆನ್ನು ಹಿಡಿದು, ಅಡಿಪಟ್ಟಿ ಇಟ್ಟು ಸಾಲು ಸಾಲು ಓದುತ್ತಾರೆ. ಕಳೆದ ಫೆಬ್ರವರಿಯಲ್ಲಿ ಗೀಸರಿನ ಕೈಪಿಡಿ ಒಂದು ಬಂದಿತ್ತು. ಚೆನ್ನಾಗಿ ಬಂದಿತ್ತು, ಎರಡೂ ಏಜೆಂಟ್ ಒಪ್ಪಿದ್ದವು, ನಾನೂ ಕಣ್ಣಾಡಿಸಿದ್ದೆ. ಇಪ್ಪತ್ತೆಂಟನೇ ಪುಟದಲ್ಲಿ ಮೇಷ್ಟ್ರು ನಿಂತರು. ‘ಸ್ವಿಚ್ ಹಾಕಿರುವಾಗ ಮುಚ್ಚಳ ತೆಗೆಯಿರಿ’ ಅಂತಿತ್ತು. ತೆಗೆಯಬೇಡಿ ಅಂತ ಆಗಬೇಕಿತ್ತು. ನಮ್ಮ ಭಾಷೆಯಲ್ಲಿ ಬೇಡ ಅನ್ನುವುದು ವಾಕ್ಯದ ತುದಿಯಲ್ಲಿ ಬಂದು ಕೂರುತ್ತದೆ. ಅದೊಂದು ಉದುರಿದರೆ ಉಳಿದ ವಾಕ್ಯಕ್ಕೆ ಏನೂ ಆಗಿಲ್ಲ ಅನ್ನಿಸುತ್ತದೆ. ವ್ಯಾಕರಣ ಸರಿ, ಕಾಗುಣಿತ ಸರಿ. ಓದುವ ಮನುಷ್ಯ ಮಾತ್ರ ಕರೆಂಟ್ ಹೊಡೆಸಿಕೊಳ್ಳುತ್ತಾನೆ.

ಆ ಒಂದು ‘ಬೇಡಿ’ಗೆ ಬೆಲೆ ಎಷ್ಟು? ಅದನ್ನು ಹುಡುಕಲು ಅವರು ಮೂರೂವರೆ ಗಂಟೆ ಓದಿದರು. ಮುಂದಿನ ಕೈಪಿಡಿಯನ್ನೂ ಅಷ್ಟೇ ಹೊತ್ತು ಓದಿದರು, ಅದರಲ್ಲಿ ಒಂದೂ ತಪ್ಪು ಸಿಗಲಿಲ್ಲ. ತಪ್ಪಿಲ್ಲ ಅಂತ ಗೊತ್ತಾಗುವುದಕ್ಕೂ ಯಾರಾದರೂ ಪೂರ್ತಿ ಓದಲೇಬೇಕು. ಏಜೆಂಟ್ ಓದಿದರೆ ಬಿಲ್ಲಿನಲ್ಲಿ ಬರುತ್ತದೆ, ಪೈಸೆ ಲೆಕ್ಕದಲ್ಲಿ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಓದಿತು ಅನ್ನುವುದರ ಸಮೇತ. ಮೇಷ್ಟ್ರು ಓದಿದ್ದು ಎಲ್ಲೂ ಬರುವುದಿಲ್ಲ. ಅವರು ಹಾಕಿದ ಕೆಂಪು ಗೆರೆಯ ಕಾಗದ ತಿಂಗಳಿಗೊಮ್ಮೆ ರದ್ದಿಗೆ ಹೋಗುತ್ತಿತ್ತು.

ಹೀಗೆ ಬಿಟ್ಟರೆ ಏನಾಗುತ್ತದೆ ಅನ್ನುವುದು ಏಪ್ರಿಲಿನಲ್ಲಿ ಗೊತ್ತಾಯಿತು. ನಾವು ಏಜೆಂಟ್ ಬಳಸುತ್ತೇವೆ ಅನ್ನುವುದನ್ನು ಗ್ರಾಹಕರಿಂದ ಮುಚ್ಚಿಟ್ಟಿಲ್ಲ. ಬಿಲ್ಲಿನ ಜೊತೆ ಏಜೆಂಟ್ ಖರ್ಚಿನ ಹಾಳೆಯನ್ನೂ ಇಡುತ್ತಿದ್ದೆ. ಪಾರದರ್ಶಕವಾಗಿರಲಿ ಅಂತ. ಒಬ್ಬ ಗ್ರಾಹಕರ ಕಡೆಯಿಂದ ಫೋನ್ ಬಂತು. ಮರ್ಯಾದೆಯಿಂದಲೇ ಮಾತಾಡಿದರು. ‘ಮೇಡಂ, ಹಾಳೆ ನೋಡಿದೆ. ಏಜೆಂಟ್ ಖರ್ಚು 260 ರೂಪಾಯಿ. ನಿಮ್ಮ ಬಿಲ್ಲು ಹನ್ನೊಂದು ಸಾವಿರ. ಕೆಲಸ ಎಲ್ಲಾ ಅದೇ ಮಾಡಿದೆ ಅಲ್ವಾ? ದರ ಸ್ವಲ್ಪ ನೋಡಿ.’ ಅವರ ಪ್ರಶ್ನೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವರಿಗೆ ನಾನು ತೋರಿಸಿದ್ದು ಅಷ್ಟೇ. ಕಾಗದದ ಮೇಲೆ ಕೆಲಸ ಅಂತ ಇದ್ದದ್ದು ಏಜೆಂಟ್ ಮಾಡಿದ್ದು ಮಾತ್ರ. ನಾವು ಐದು ಜನ ಆ ಹಾಳೆಯಲ್ಲಿ ಇರಲೇ ಇಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನುಷ್ಯರ ಕೆಲಸಕ್ಕೂ ಮೀಟರ್ ಹಾಕಬೇಕಾ? ಮೇಷ್ಟ್ರ ಪೆನ್ನಿಗೆ ಟೈಮರ್ ಕಟ್ಟಬೇಕಾ? ಅದು ನನಗೆ ಬೇಡ. ಹುಡುಗಿಯ ಬಾಯಿ ಮುಚ್ಚಿಸಿದ್ದು ಅಂಥ ಮೀಟರೇ. ಹಾಗಂತ ಕೆಲಸ ಕಾಣದೇ ಇರುವುದೂ ಸರಿಯಲ್ಲ. ಕಾಣದ ಕೆಲಸಕ್ಕೆ ಮೊದಲು ದುಡ್ಡು ನಿಲ್ಲುತ್ತದೆ, ಆಮೇಲೆ ಕೆಲಸ ಮಾಡುವವರೇ ಇಲ್ಲವಾಗುತ್ತಾರೆ.

ನಾವು ಒಂದು ಹೊಸ ಅಭ್ಯಾಸ ಶುರು ಮಾಡಿದೆವು. ಗುಂಪಿನಲ್ಲಿ ‘ಪದ ಖಾತೆ’ ಅಂತ ಒಂದು ಚಾನೆಲ್. ಮನುಷ್ಯರು ಒಂದು ತೀರ್ಮಾನ ತೆಗೆದುಕೊಂಡಾಗಲೆಲ್ಲಾ ಅಲ್ಲಿ ಎರಡು ಸಾಲು ಬರೆಯುತ್ತೇವೆ. ಏನಿತ್ತು, ಏನಾಯಿತು, ಯಾಕೆ, ಯಾರು ಹೇಳಿದರು. ಗಂಟೆ ನಿಮಿಷ ಬರೆಯುವುದಿಲ್ಲ. ಮೊದಲ ನಮೂದು ಹೀಗಿದೆ: ‘ರಿನ್ಸ್ = ಜಾಲಿಸುವುದು. ಬಟ್ಟೆಗೆ ಮಾತ್ರ. ಪಾತ್ರೆಗೆ ಗಲಬರಿಸುವುದು. ಹೇಳಿದವರು: ಹಾಸನದ ಅಮ್ಮ, ಫೋನಿನಲ್ಲಿ.’ ಗೀಸರಿನ ‘ಬೇಡಿ’ಯನ್ನು ಹಳೇ ಪ್ರಿಂಟಿನಿಂದ ಹುಡುಕಿ ಬರೆದೆವು. ಮೇಷ್ಟ್ರ ರದ್ದಿ ಕಾಗದ ಈಗ ಅಂಗಡಿಗೆ ಹೋಗುವುದಿಲ್ಲ.

ಈ ಖಾತೆಯಿಂದ ಏಜೆಂಟ್‌ಗಳಿಗೂ ಅನುಕೂಲವಾಯಿತು. ಕೆಲಸ ಶುರು ಮಾಡುವ ಮುಂಚೆ ಖಾತೆ ಓದಿಕೊಳ್ಳಿ ಅಂತ ಹೇಳಿಟ್ಟಿದ್ದೇವೆ. ಮುಂದಿನ ಮೆಷಿನ್ನಿನ ಕೈಪಿಡಿಯಲ್ಲಿ ‘ಜಾಲಿಸುವುದು’ ಮೊದಲ ಸಲಕ್ಕೇ ಬಂತು. ಒಂದು ಸುತ್ತೂ ಜಗಳ ಇಲ್ಲ. ಖರ್ಚೂ ಇಳಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಹುಡುಗಿ ಒಂದು ಮಾತು ಕೇಳಿದಳು. ‘ಅಕ್ಕಾ, ಈ ಪದ ಇನ್ನು ನೂರು ಕೈಪಿಡಿಯಲ್ಲಿ ಬರುತ್ತೆ. ಏಜೆಂಟ್ ಅದನ್ನ ಓದಿದಾಗಲೆಲ್ಲಾ ಏಜೆಂಟ್ ಕಂಪನಿಗೆ ದುಡ್ಡು ಹೋಗುತ್ತೆ. ಪದ ಹೇಳಿದ್ದು ನಮ್ಮಮ್ಮ.’ ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಲೆಕ್ಕ ಹೇಳಿದ ಹಾಗೆ ಹೇಳಿದಳು.

ಯೋಚನೆ ಮಾಡಿದರೆ ಈ ಏಜೆಂಟ್‌ಗಳಿಗೆ ಗೊತ್ತಿರುವ ಕನ್ನಡವೆಲ್ಲಾ ಹೀಗೇ ಬಂದದ್ದು. ಕನ್ನಡ ವಿಕಿಪೀಡಿಯ 2003ರಿಂದ ಬೆಳೆದಿದೆ, ಬರೆದವರು ಆಫೀಸು ಮುಗಿಸಿ ಬಂದು ಬರೆದವರು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷ ಪದಗಳಿವೆ. 2019ರಲ್ಲಿ ಅದನ್ನು ಎಲ್ಲರೂ ಬಳಸಲಿ ಅಂತ ಅಂತರ್ಜಾಲದಲ್ಲಿ ಬಿಟ್ಟುಕೊಟ್ಟರು. ನಮ್ಮ ಆಫೀಸಿನಲ್ಲಿ ದಿನಕ್ಕೆ ಹತ್ತು ಸಲವಾದರೂ ಅದನ್ನು ತೆರೆಯುತ್ತೇವೆ. ಗ್ರಾಹಕರು ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೇ ಫೈಲ್ ಕಳಿಸಿದರೆ ಏಜೆಂಟ್‌ಗಳಿಗೆ ಅದು ಅರ್ಥವಿಲ್ಲದ ಗೀಚು. ಆ ಗೀಚು ಓದಿದ್ದಕ್ಕೂ ಬಿಲ್ಲು ಬೀಳುತ್ತದೆ. ಅದನ್ನು ಯೂನಿಕೋಡಿಗೆ, ಅಂದರೆ ಈಗ ಎಲ್ಲಾ ಕಂಪ್ಯೂಟರೂ ಓದುವ ಅಕ್ಷರ ಪದ್ಧತಿಗೆ, ತಿರುಗಿಸುವ ಕನ್ವರ್ಟರನ್ನು ಯಾರೋ ಕನ್ನಡದ ಹುಡುಗರು ಬರೆದು ಸುಮ್ನೆ ಕೊಟ್ಟಿದ್ದಾರೆ. ಇವರು ಯಾರೂ ಮೀಟರ್ ಹಾಕಿರಲಿಲ್ಲ. ಅವರು ಹಾಕಿದ ಅಡಿಪಾಯದ ಮೇಲೆ ಈಗ ಮೀಟರ್ ನಿಂತಿದೆ.

ಇದಕ್ಕೆಲ್ಲಾ ನನ್ನ ಹತ್ತಿರ ದೊಡ್ಡ ಪರಿಹಾರ ಇಲ್ಲ. ನನ್ನ ಕೈಗೆ ಎಟುಕುವುದು ನಮ್ಮ ಆಫೀಸಿನ ಬಿಲ್ಲು. ಅದನ್ನು ಬದಲಾಯಿಸಿದ್ದೇನೆ. ಮೊದಲು ಎರಡು ಸಾಲಿತ್ತು, ಅನುವಾದ ಇಷ್ಟು ಪದ, ಏಜೆಂಟ್ ಖರ್ಚು ಇಷ್ಟು. ಈಗ ನಾಲ್ಕು ಸಾಲಿದೆ. ಮೂರನೆಯದು ‘ಪೂರ್ತಿ ಓದು: ಒಬ್ಬರು, 40 ಪುಟ’. ನಾಲ್ಕನೆಯದು ‘ಪದ ತೀರ್ಮಾನ: 14’. ಎರಡಕ್ಕೂ ದರ ಹಾಕಿದ್ದೇನೆ. ಜೊತೆಗೆ ಪದ ಖಾತೆಯಿಂದ ಆ 14 ನಮೂದುಗಳ ಪ್ರತಿ ಇಟ್ಟಿದ್ದೇನೆ, ಹೇಳಿದವರ ಹೆಸರಿನ ಸಮೇತ. ಹುಡುಗಿಯ ಅಮ್ಮನ ಹೆಸರೂ ಈಗ ಅದರಲ್ಲಿದೆ, ಅವರನ್ನು ಕೇಳಿಯೇ ಹಾಕಿದ್ದು. ಅವರಿಗೆ ಪದ ಒಂದಕ್ಕೆ ಇಷ್ಟು ಅಂತ ಕಳಿಸೋಣ ಅಂದೆ. ಪದ ಹೇಳಿದ್ದಕ್ಕೆ ದುಡ್ಡಾ ಅಂತ ಬೈದರಂತೆ. ಹುಡುಗಿ ಅಮ್ಮನ ಖಾತೆಗೆ ಯುಪಿಐ ಮಾಡಿ ಆಮೇಲೆ ಹೇಳಿದಳು.

ಬಿಲ್ಲು ಕಳಿಸಿ ಎಂಟು ದಿನ ಆಯಿತು. ನಿನ್ನೆ ಅದೇ ಗ್ರಾಹಕರು ಫೋನ್ ಮಾಡಿದ್ದರು. ‘ಮೇಡಂ, ಈ ಪದ ತೀರ್ಮಾನ ಅಂದ್ರೆ ಏನು? ನಮ್ಮ ಅಕೌಂಟ್ಸ್‌ನವರು ಕೇಳ್ತಿದ್ದಾರೆ.’ ಫೋನಿನಲ್ಲಿ ಬೇಡ, ಆಫೀಸಿಗೇ ಬನ್ನಿ, ಕೂತು ಮಾತಾಡೋಣ ಅಂದೆ. ಗುರುವಾರ ಹನ್ನೊಂದು ಗಂಟೆಗೆ ಬರುತ್ತಾರೆ. ಮೇಷ್ಟ್ರು ಗೀಸರಿನ ಆ ಇಪ್ಪತ್ತೆಂಟನೇ ಪುಟವನ್ನು ಹುಡುಕಿ ತೆಗೆದು ಮೇಜಿನ ಮೇಲೆ ಇಟ್ಟಿದ್ದಾರೆ.